ತೋಳಿನ ಅಳತೆ

ನಮ್ಮತ್ತೆ ಜೀವಮಾನದಲ್ಲಿ ಒಂದು ಸುಳ್ಳು ಹೇಳಿದವರಲ್ಲ. ಇದನ್ನು ಹೊಗಳಿಕೆ ಅಂತ ತಿಳಿಯಬೇಡಿ, ಇಷ್ಟು ಅನಾಹುತ ಆದದ್ದೇ ಅದರಿಂದ. ಸುಳ್ಳು ಹೇಳುವವರ ಮಾತನ್ನು ಜನ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಾರೆ. ಅತ್ತೆ ಹೇಳಿದರೆ ಮಾತ್ರ ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ.

ಅತ್ತೆ ಅಂದರೆ ನನ್ನ ಅಪ್ಪನ ಅಕ್ಕ. ಮೂವತ್ತೊಂದು ವರ್ಷದಿಂದ ಹೆಂಗಸರ ಬಟ್ಟೆ ಹೊಲಿಯುತ್ತಿದ್ದಾರೆ. ಮನೆಯ ಮುಂದಿನ ಕೋಣೆಯೇ ಅಂಗಡಿ: ಎರಡು ಮಿಷನ್ನು, ಒಂದು ಇಸ್ತ್ರಿ ಮೇಜು, ಮೂಲೆ ಒಡೆದ ನಿಲುವುಗನ್ನಡಿ, ಬಟ್ಟೆ ಬದಲಾಯಿಸಲು ಒಂದು ಪರದೆ. ಕಾಜಾ, ಹುಕ್ಕು, ಅಂಚಿನ ಹೊಲಿಗೆ ನನ್ನ ಪಾಲಿಗೆ. ಅಳತೆ ಪುಸ್ತಕವೂ ನನ್ನದೇ. ಅತ್ತೆ ಟೇಪು ಹಿಡಿದು ಕೂಗುತ್ತಾರೆ, ನಾನು ಬರೆಯುತ್ತೇನೆ. ಬರೆದವಳು ನಾನು ಅನ್ನುವುದನ್ನು ನೆನಪಿಟ್ಟುಕೊಳ್ಳಿ.

ಅತ್ತೆ ಒಂದು ಗೇಣು ಬಟ್ಟೆ ಕದ್ದವರಲ್ಲ, ಹೇಳಿದ ದಿನಕ್ಕೆ ಕೊಡದೆ ಇದ್ದವರಲ್ಲ. ಟೈಲರುಗಳಲ್ಲಿ ಇದೊಂದು ಪವಾಡ. ಅವರಿಗಿದ್ದದ್ದು ಒಂದೇ ಪಾಪ, ನಾಲಿಗೆ. ಅದು ಅವರಿಗೂ ಗೊತ್ತಿತ್ತು, ಪಾಪ. ಮಿಷನ್ನಿನ ಮೇಲೆ ಸೀಮೆಸುಣ್ಣದಲ್ಲಿ ‘ಬಾಯಿ!’ ಎಂದು ಬರೆದುಕೊಂಡಿದ್ದರು. ಗಿರಾಕಿಯೊಬ್ಬಳು ಅದನ್ನು ನೋಡಿ, “ಮಿಷನ್ ಬಾಯಿಗೆ ಎಣ್ಣೆ ಬಿಡೋಕೆ ಜ್ಞಾಪಕಕ್ಕೆ ಬರ್ಕೊಂಡಿದ್ದೀರಾ?” ಎಂದು ಕೇಳಿದ್ದಳು. ಬೆಳಗ್ಗೆ ಮಂಡಿಯೂರಿ, “ಇವತ್ತು ಒಬ್ಬರ ಸುದ್ದಿಯೂ ಎತ್ತಲ್ಲ ಕರ್ತನೇ” ಎಂದು ಅಳುತ್ತಿದ್ದರು. ಹನ್ನೊಂದು ಗಂಟೆಗೆ ಗುಂಡುಪಿನ್ನು ಹಲ್ಲಲ್ಲಿ ಕಚ್ಚಿಕೊಂಡೇ, “ಗೊತ್ತಾಯ್ತೇನೇ?” ಎಂದು ಶುರು.

ಕೊನೆಗೆ ಅವರಿಗೊಂದು ದಾರಿ ಸಿಕ್ಕಿತು, ‘ಭಾರ’. ನಮ್ಮ ಬುಧವಾರದ ಪ್ರಾರ್ಥನಾ ಕೂಟದಲ್ಲಿ, ಯಾರದಾದರೂ ಕಷ್ಟ ಮನಸ್ಸನ್ನು ಒತ್ತುತ್ತಿದ್ದರೆ “ನನಗೊಂದು ಭಾರ ಇದೆ” ಅನ್ನುತ್ತೇವೆ. ಎಲ್ಲರೂ ಸೇರಿ ಅದಕ್ಕಾಗಿ ಪ್ರಾರ್ಥಿಸುತ್ತೇವೆ. ಒಳ್ಳೆಯ ಮಾತೇ. ಆದರೆ ಭಾರ ಅಂದಮೇಲೆ ವಿಷಯ ಹೇಳಬೇಕಲ್ಲ! ನಾನು ಒಮ್ಮೆ, “ಹೆಸರು ಹೇಳ್ದೆ ಇದ್ರೆ ದೇವರಿಗೆ ಗೊತ್ತಾಗಲ್ವಾ ಅತ್ತೆ?” ಎಂದೆ.

“ದೇವರಿಗೆ ಗೊತ್ತಾಗುತ್ತೆ ಕಣೇ. ನಮಗೆ ಗೊತ್ತಾಗ್ಬೇಡ್ವಾ?” ಎಂದರು. ಅವರಿಗೇ ನಗು ಬಂದು, ಆಮೇಲೆ ಮುಖ ಸಪ್ಪಗಾಯಿತು.

ಚರ್ಚಿನಲ್ಲಿ ಕೀಬೋರ್ಡ್ ನುಡಿಸುವ ಹುಡುಗಿಯನ್ನು ಎಲ್ಲರೂ ಟೀಚರ್ ಅಂತಲೇ ಕರೆಯುವುದು. ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಾಳೆ, ಇಪ್ಪತ್ತಾರು ವಯಸ್ಸು, ಮದುವೆಯಾಗಿಲ್ಲ. ಒಂದು ಸೋಮವಾರ ಭಾನುವಾರದ ಕಪ್ಪು ಸ್ಕರ್ಟು, ಬಿಳಿ ಬ್ಲೌಸು ತಂದಳು. “ಸೊಂಟ ಲೂಸ್ ಮಾಡ್ಬೇಕು ಆಂಟಿ. ತೋಳು ಟೈಟ್ ಮಾಡ್ಬೇಕು.”

ಅತ್ತೆ ಟೇಪು ಹಿಡಿದರು. “ಸೊಂಟ ಮೂವತ್ತೆರಡು.” ನಾನು ಹಿಂದಿನ ಸಾಲು ನೋಡಿದೆ. ಎರಡು ತಿಂಗಳ ಕೆಳಗೆ ಇಪ್ಪತ್ತೆಂಟು. “ತೋಳು ಒಂಬತ್ತೂವರೆ.” ಹಿಂದೆ ಹತ್ತೂವರೆ ಇತ್ತು. ಎರಡನ್ನೂ ಬರೆದೆ.

“ಊಟಾನೇ ಸೇರಲ್ಲ ಆಂಟಿ, ಆದ್ರೂ ಹೊಟ್ಟೆ ಉಬ್ಬಿದ ಹಾಗಿರುತ್ತೆ. ಗ್ಯಾಸ್ ಇರ್ಬೇಕು” ಎಂದು ನಕ್ಕು ಹೋದಳು.

ಬಾಗಿಲು ಹಾಕಿದ್ದೇ ತಡ, ಅತ್ತೆ ನನ್ನ ಕಡೆ ತಿರುಗಿದರು. “ನಾಲ್ಕು ಇಂಚು ಕಣೇ!”

“ಅಯ್ಯೋ ಸುಮ್ನಿರಿ ಅತ್ತೆ” ಎಂದೆ. ಎಂದವಳು ಕಾಜಾ ಬಿಟ್ಟು ಸ್ಟೂಲನ್ನು ಅವರ ಹತ್ತಿರ ಎಳೆದುಕೊಂಡೆ.

ಮಂಗಳವಾರವಿಡೀ ಅತ್ತೆ ಒದ್ದಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಎರಡು ಸಲ ಒಳಗೆ ಹೋಗಿ ಮಂಡಿಯೂರಿ ಬಂದರು. ಬುಧವಾರ ಕೂಟದಲ್ಲಿ ಕಣ್ಣು ಮುಚ್ಚಿ ಕೂತವರು ಕಣ್ಣು ಬಿಡದೆಯೇ, “ಟೀಚರ್ ವಿಷಯದಲ್ಲಿ ನನಗೊಂದು ಭಾರ ಇದೆ” ಎಂದರು. ನಾನೂ ಸಾಚಾ ಅಲ್ಲ, ಮೆಟ್ಟಿಲಿಳಿಯುವಾಗ ಇಬ್ಬರಿಗೆ ಬಿಡಿಸಿ ಹೇಳಿದೆ.

ಹದಿನೈದು ದಿನದಲ್ಲಿ ಪಾದ್ರಿಯವರು ಟೀಚರನ್ನು ಕರೆದು, “ಸ್ವಲ್ಪ ದಿನ ಕೀಬೋರ್ಡ್ ಬೇಡ, ಮಗಳೇ” ಎಂದರಂತೆ. ಯಾಕೆಂದು ಕೇಳಿದ್ದಕ್ಕೆ ಅವರು ತಲೆ ತಗ್ಗಿಸಿದರಂತೆ. ಟೀಚರ್ ಚರ್ಚಿಗೆ ಬರುವುದನ್ನು ನಿಲ್ಲಿಸಿದಳು. ಅವಳ ಸ್ಕರ್ಟು ನಮ್ಮ ಗೂಟದಲ್ಲೇ ನೇತಾಡುತ್ತಿತ್ತು. “ನೋಡಿದ್ಯಾ, ಮುಖ ತೋರಿಸೋಕೆ ನಾಚಿಕೆ” ಎಂದರು ಅತ್ತೆ. ನಾನೂ ಹೂಂ ಅಂದೆ.

ಎರಡು ತಿಂಗಳಾದ ಮೇಲೆ, ಒಂದು ಬೆಳಗ್ಗೆ, ಟೀಚರ ತಾಯಿ ಅಂಗಡಿಗೆ ಬಂದರು. ಲಾಂಡ್ರಿಯಲ್ಲಿ ಕೆಲಸ ಮಾಡುವ ಹೆಂಗಸು, ಕೈಯೆಲ್ಲ ಸೋಪಿಗೆ ಬಿರಿದಿತ್ತು. ಕೂರಿ ಅಂದರೂ ಕೂರಲಿಲ್ಲ.

“ಅಕ್ಕ, ಆ ಸ್ಕರ್ಟು ಹಾಗೇ ಕೊಟ್ಬಿಡಿ. ಲೂಸ್ ಮಾಡೋದೇನೂ ಬೇಡ. ಅವಳ ಹೊಟ್ಟೇಲಿದ್ದದ್ದು ಮಗು ಅಲ್ಲ, ಗೆಡ್ಡೆ. ಮೂರೂವರೆ ಕಿಲೋ.”

ಅತ್ತೆ ಎದ್ದು ಗೂಟದಿಂದ ಸ್ಕರ್ಟು ಇಳಿಸಿದರು.

“ಆಸ್ಪತ್ರೆಗೆ ಹೋಗೋಣ ಬಾ ಅಂದೆ. ‘ಬೇಡಮ್ಮ, ಅಲ್ಲಿ ನಮ್ಮ ಚರ್ಚಿನೋರು ಯಾರಾದ್ರೂ ಇರ್ತಾರೆ, ತೆಗೆಸೋಕೆ ಬಂದ್ಲು ಅಂತಾರೆ’ ಅಂದ್ಲು. ಮೊನ್ನೆ ಬಚ್ಚಲಲ್ಲಿ ಬಿದ್ಲು, ಹೊತ್ಕೊಂಡು ಹೋದ್ವಿ. ಗರ್ಭಕೋಶಾನೂ ತೆಗೆದ್ರು. ಎರಡು ತಿಂಗಳು ಮುಂಚೆ ಬಂದಿದ್ರೆ ಉಳಿಸ್ಬಹುದಿತ್ತು ಅಂದ್ರು ಡಾಕ್ಟ್ರು.” ಆಕೆ ಸೆರಗಲ್ಲಿ ಮುಖ ಒರೆಸಿಕೊಂಡರು. “ಇದನ್ನ ಯಾರಿಗೂ ಹೇಳ್ಬೇಡ ಅಂದಿದ್ದಾಳೆ. ನಿಮಗೆ ಯಾಕೆ ಹೇಳ್ದೆ ಅಂದ್ರೆ, ನಾನೂ ನಿಮ್ಮ ಮಾತು ನಂಬಿದ್ದೆ ಅಕ್ಕ. ಹೆತ್ತ ಮಗಳನ್ನ ನಂಬ್ಲಿಲ್ಲ.”

ಆಕೆ ಹೋದ ಮೇಲೆ ಅತ್ತೆ ಅಳತೆ ಪುಸ್ತಕ ಕೇಳಿದರು. ಆ ಪುಟ ತೆಗೆದು ಕೊಟ್ಟೆ. ಅತ್ತೆಯ ಬೆರಳು ಸೊಂಟದ ಸಾಲು ದಾಟಿ ತೋಳಿನ ಸಾಲಿಗೆ ಬಂದು ನಿಂತಿತು. ಒಂಬತ್ತೂವರೆ. ಬಸುರಿಯರ ಬಟ್ಟೆ ಎಷ್ಟು ಹೊಲಿದಿದ್ದೇವೆ! ಒಂದು ಕಡೆ ದಪ್ಪಗಾಗುತ್ತಾ ಇನ್ನೊಂದು ಕಡೆ ಈ ಪಾಟಿ ಇಳಿದುಹೋಗುವ ಮೈ ಕಾಯಿಲೆಯದು ಎಂದು ಮೂವತ್ತೊಂದು ವರ್ಷದ ಟೈಲರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅತ್ತೆ ಅದನ್ನು ತಮ್ಮ ಬಾಯಲ್ಲೇ ಕೂಗಿದ್ದರು. ನಾನು ನನ್ನ ಕೈಯಲ್ಲೇ ಬರೆದಿದ್ದೆ. ಸ್ವಾರಸ್ಯ ಇದ್ದದ್ದು ಸೊಂಟದಲ್ಲಿ ನೋಡಿ, ತೋಳು ಯಾರಿಗೆ ಬೇಕು? ಥೂ ನಮ್ಮ ಜನ್ಮಕ್ಕೆ!

ಅತ್ತೆ ಮೂರು ದಿನ ಅನ್ನ ಮುಟ್ಟಲಿಲ್ಲ. ಭಾನುವಾರ ಚರ್ಚಿನಲ್ಲಿ ಸಾಕ್ಷಿ ಹೇಳುವ ಹೊತ್ತಿಗೆ, ಅಂದರೆ ದೇವರು ತಮಗೆ ಮಾಡಿದ್ದನ್ನು ಜನ ಎದ್ದು ಹೇಳುವ ಹೊತ್ತಿಗೆ, ಅಳತೆ ಪುಸ್ತಕ ಹಿಡಿದು ಎದ್ದು ನಿಂತರು. ಮೈಕು ಬೇಡವೆಂದರು. ಎರಡು ಅಳತೆಯನ್ನೂ ಓದಿದರು. “ನಾನು ಇದನ್ನ ಭಾರ ಅಂದೆ. ಭಾರ ಅಲ್ಲ, ಚಾಡಿ. ಆ ಹುಡುಗಿ ಸಾಯೋ ಹಾಗಾಗಿದ್ಲು. ಗರ್ಭಕೋಶ ಕಳ್ಕೊಂಡ್ಲು, ನನ್ನಿಂದ” ಎಂದು ಎದೆ ಎದೆ ಬಡಿದುಕೊಂಡರು. ಚರ್ಚಿನಲ್ಲಿ ಒಬ್ಬೊಬ್ಬರಾಗಿ ಅಳಲು ಶುರು. ಪಾದ್ರಿಯವರೂ ಕನ್ನಡಕ ತೆಗೆದರು. ಹೊರಗೆ ಬಂದಾಗ ಎಷ್ಟೋ ಜನ ಅತ್ತೆಯ ಕೈ ಹಿಡಿದು, ಎಂಥ ದೊಡ್ಡ ಮನಸ್ಸು ನಿಮ್ಮದು ಎಂದರು. ಅತ್ತೆಯೂ ಆ ದಿನ ಹೊಟ್ಟೆ ತುಂಬ ಉಂಡರು. ನನಗಂತೂ ನಮ್ಮತ್ತೆ ಅಂದರೆ ಹೀಗಿರಬೇಕು ಎನಿಸಿತು.

ಟೀಚರ್ ಬಂದದ್ದು ಮೂರು ತಿಂಗಳಾದ ಮೇಲೆ, ಒಂದು ಮಧ್ಯಾಹ್ನ. ಕೈಯಲ್ಲಿ ಅದೇ ಕಪ್ಪು ಸ್ಕರ್ಟು. ಕೆನ್ನೆ ಒಳಸರಿದಿತ್ತು. ಅತ್ತೆ ಮಿಷನ್ ಬಿಟ್ಟು ಎದ್ದು, “ಮಗಳೇ, ಕ್ಷಮಿಸ್ತೀಯಾ? ನಾನು ಎಲ್ರ ಮುಂದೆ ಒಪ್ಕೊಂಡೆ” ಎಂದರು.

“ಗೊತ್ತು ಆಂಟಿ. ಮೊದ್ಲು ನಾನು ಬಸುರಿ ಅಂತ ಎಲ್ರಿಗೂ ಹೇಳಿದ್ರಿ. ಆಮೇಲೆ ನನಗಿನ್ನು ಮಕ್ಕಳಾಗಲ್ಲ ಅಂತ ಎಲ್ರಿಗೂ ಹೇಳಿದ್ರಿ. ಅಮ್ಮ ಅದನ್ನ ನಿಮಗೊಬ್ರಿಗೆ ಹೇಳಿದ್ಲು.”

ಅಯ್ಯೋ ದೇವರೇ! ಯಾರಿಗೂ ಹೇಳಬೇಡ ಅಂದಿದ್ದಾಳೆ ಎಂದು ಆ ತಾಯಿ ಇದೇ ಬಾಗಿಲಲ್ಲಿ ನಿಂತು ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತಲ್ಲ! ಅಷ್ಟು ಜನ ಕಣ್ಣೀರು ಹಾಕಿದೆವು, ಒಬ್ಬರಿಗೂ ಹೊಳೆಯಲಿಲ್ಲ. ಪಶ್ಚಾತ್ತಾಪದ ಹೊತ್ತಲ್ಲೂ ಆ ಪಾಪ ನಮ್ಮ ಜೊತೆಗೇ ಎದ್ದು ನಿಂತು ಸಾಕ್ಷಿ ಹೇಳಿತ್ತು.

ಅತ್ತೆ ಕೊರಳಿನ ಟೇಪು ತೆಗೆದು ಮೇಜಿನ ಮೇಲಿಟ್ಟರು.

“ನಿಮ್ಮ ಟೇಪಿಗೆ ಗೊತ್ತಾಗಿತ್ತು ಆಂಟಿ. ನನಗೊಬ್ಳಿಗೆ ಹೇಳಿದ್ರೆ ಸಾಕಿತ್ತು” ಎಂದಳು ಟೀಚರ್. ಆಮೇಲೆ ಸ್ಕರ್ಟನ್ನು ಮೇಜಿನ ಮೇಲಿಟ್ಟು, ಎರಡೂ ತೋಳು ಚಾಚಿ ಕನ್ನಡಿಯ ಮುಂದೆ ನಿಂತಳು. “ತಗೊಳ್ಳಿ ಅಳತೆ. ನನಗೆ ಹೇಳಿ.”

ನಾನು ಅಭ್ಯಾಸಬಲದಿಂದ ಪುಸ್ತಕ ತೆರೆದು ಪೆನ್ನು ಹಿಡಿದೆ. ಅತ್ತೆ ಅವಳ ತೋಳಿಗೆ ಟೇಪು ಸುತ್ತಿದರು. ಬಗ್ಗಿ ಅವಳ ಕಿವಿಯಲ್ಲಿ ಏನೋ ಹೇಳಿದರು. ಅವಳು ತಲೆಯಾಡಿಸಿದಳು. ಅದು ಹೆಚ್ಚಾಗಿತ್ತೋ ಕಮ್ಮಿಯಾಗಿತ್ತೋ ನನಗೆ ಗೊತ್ತಿಲ್ಲ.