ಎದೆಬಡಿತ ತಪ್ಪಿದರೂ ತಪ್ಪದ ಸೌಜನ್ಯ

ನಮ್ಮ ಕಲಬುರಗಿ ಕಡೆ 'ಆರಾಮ ಅದೀರಿ?' ಎಂಬುದು ಪ್ರಶ್ನೆಯಲ್ಲ, ಶಿಷ್ಟಾಚಾರ. ಕಾಲು ಮುರಿದುಕೊಂಡು ಮಲಗಿದವನೂ 'ಆರಾಮ ಅದೀನ್ರಿ' ಎಂದ ಮೇಲೆಯೇ ಕಾಲಿನ ಕಥೆಗೆ ಬರಬೇಕು. ಪುಣೆ ಸೇರಿ, ಪಿಂಪ್ರಿಯ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಕೂದಲು ಬೆಳ್ಳಗಾಗಿಸಿಕೊಂಡ ನಾನೂ ಈ ಸದಾಚಾರವನ್ನು ಬಿಟ್ಟವನಲ್ಲ. ಇತರರು ಮಾಡಿದ ಬಿಡಿಭಾಗಗಳಲ್ಲಿ ಕೂದಲೆಳೆಯಷ್ಟು ದೋಷ ಕಂಡರೂ ನಿರ್ದಾಕ್ಷಿಣ್ಯವಾಗಿ ತಿರಸ್ಕರಿಸುತ್ತಿದ್ದ ಈ ಮಹಾಶಯ, ತನ್ನದೇ ಬಿಡಿಭಾಗ ಕೈಕೊಟ್ಟಾಗ ಮಾಡಿದ ಘನಕಾರ್ಯವನ್ನು ಕೇಳಿ.

ತೊಂಬತ್ತರ ದಶಕದ ಕೊನೆಯಲ್ಲಿ ನನಗೆ ಬೈಪಾಸ್ ಆಯಿತು. ಐಸಿಯುವಿನಿಂದ ವಾರ್ಡಿಗೆ ಬಂದ ಮರುದಿನ ಮಧ್ಯಾಹ್ನ, ಎದೆಯೊಳಗಿನ ಬಡಿತ ಒಮ್ಮೆ ದಡದಡ ಓಡುವುದು, ಒಮ್ಮೆ ಹೆಜ್ಜೆ ತಪ್ಪುವುದು ಶುರುವಾಯಿತು. ಚಾದರದೊಳಗೆ ಗುಟ್ಟಾಗಿ ನನ್ನ ಮಣಿಕಟ್ಟನ್ನು ನಾನೇ ಹಿಡಿದು ನೋಡಿದೆ. ನಾಡಿಗೆ ತಾಳವೇ ಇರಲಿಲ್ಲ. ಅಷ್ಟರಲ್ಲಿ ಸೊಲ್ಲಾಪುರದ, ಕನ್ನಡ ಬಲ್ಲ ನರ್ಸ್ ಬಂದು, 'ಕಾಕಾ, ಆರಾಮ ಅದೀರಿ?' ಎಂದರು. ನಾಲಿಗೆ ನನ್ನ ಅಪ್ಪಣೆಗೂ ಕಾಯದೆ 'ಭಾಳ ಆರಾಮ ಅದೀನ್ರಿ ಸಿಸ್ಟರ್' ಎಂದುಬಿಟ್ಟಿತು. ಅವರು ನಗುತ್ತ ಪಕ್ಕದ ಮಂಚಕ್ಕೆ ಹೊರಟರು.

ಸ್ಟೂಲಿನ ಮೇಲೆ ಕೂತಿದ್ದ ನನ್ನ ಹೆಂಡತಿ ಶಾರದೆ ಎದ್ದು ನಿಂತಳು. 'ತಿರುಗಿ ಬರ್ರಿ ಸಿಸ್ಟರ್! ಇವರ ಮಾತ ನಂಬಬ್ಯಾಡ್ರಿ. ಚಾದರದಾಗ ತಮ್ಮ ನಾಡಿ ತಾವ ಹಿಡಕೊಂಡಾರ!'

ಇಸಿಜಿ ತೆಗೆದರು, ಡಾಕ್ಟರು ಓಡಿಬಂದರು. ಈ ಶಸ್ತ್ರಚಿಕಿತ್ಸೆಯ ನಂತರ ಹಲವರ ಹೃದಯ ಕೆಲವು ದಿನ ಹೀಗೆ ಹಳಿ ತಪ್ಪುವುದುಂಟು, ಸಾಮಾನ್ಯವಾಗಿ ಔಷಧಿಗೆ ಬಗ್ಗುತ್ತದೆ; ಆದರೆ ಮುಚ್ಚಿಟ್ಟರೆ ಒಳಗೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಿ ಲಕ್ವ ಹೊಡೆಯಬಹುದು ಎಂದು ಮರಾಠಿಯಲ್ಲಿ ಗದರಿದರು. ಸಲೈನಿನಲ್ಲಿ ಔಷಧಿ ಹರಿಯಿತು. ಮರುದಿನ ಬೆಳಗಿನ ಹೊತ್ತಿಗೆ ಬಡಿತ ಸರಿದಾರಿಗೆ ಬಂತು.

ನನ್ನ ಸೌಜನ್ಯ ನನ್ನನ್ನು ಮುಗಿಸುವುದರಲ್ಲಿತ್ತು, ಹೆಂಡತಿಯ ಗಟ್ಟಿ ಗಂಟಲು ಉಳಿಸಿತು. ಇದರಲ್ಲಿ ನನಗೆ ಇಂದಿಗೂ ಸಂಶಯವಿಲ್ಲ. ಅಂದು ಅವಳ ಕೈ ಹಿಡಿದು, 'ನನಗ ಭಾಳ ಹೆದರಿಕಿ ಆಗಿತ್ತು' ಎಂದೆ. ಮದುವೆಯಾದಾಗಿನಿಂದ ಅಂಥ ಮಾತನ್ನು ನಾನು ಆಡಿದ್ದೇ ಇರಲಿಲ್ಲ. ಆಮೇಲೆ, ಆಸ್ಪತ್ರೆ ಸೇರಿದಾಗಿನಿಂದ ಮೊದಲ ಸಲ, 'ನೀ ಹೆಂಗಿದ್ದಿ?' ಎಂದು ಕೇಳಿದೆ.

'ನನಗೇನಾಗ್ಯಾದ್ರಿ?' ಎಂದು ಅವಳು ಸೆರಗು ಸರಿಮಾಡಿಕೊಂಡಳು. ಇದೂ ನನ್ನ 'ಭಾಳ ಆರಾಮ'ದ ಜಾತಿಯ ಉತ್ತರವೇ ಎಂದು ತಪಾಸಣೆ ವಿಭಾಗದವನಿಗೆ ಹೊಳೆಯಿತು.

ನಾನು ನರ್ಸನ್ನು ಕೂಗಿ ಕರೆದೆ. 'ಸಿಸ್ಟರ್, ನಂದು ಆಮ್ಯಾಲ ನೋಡ್ರಿ. ಮೊದಲ ಇಕೀ ನಾಡಿ ಹಿಡೀರಿ.'