ಹಲ್ಲಣ್ಣ ಕಟ್ಟಿದ ನೀರಿನ ಲಾರಿ

ಬೀದಿಯವರ ಬಾಯಲ್ಲಿ ಅವನು ಹಲ್ಲಣ್ಣ. ಹಲ್ಲು ಮುಂದಕ್ಕೆ ಚಾಚಿದೆ ಅಂತ ಯಾರಾದರೂ ಅಂದುಕೊಂಡರೆ ಅದು ಶುದ್ಧ ಅನ್ಯಾಯ. ಐವತ್ತೆರಡು ವರ್ಷವಾದರೂ ಅವನ ಹಲ್ಲು ಒಂದೂ ಅಲುಗದೆ ಸಾಲಾಗಿ ಕೂತಿವೆ. ಹೆಸರು ಬಂದದ್ದು ಕಸುಬಿನಿಂದ. ದಂತವೈದ್ಯರು ಬೊಚ್ಚುಬಾಯಿಗಳ ಅಚ್ಚು ತೆಗೆದು ಕಳಿಸುತ್ತಾರೆ. ಇವನು ಮೇಣ ಕರಗಿಸಿ, ಪ್ಲಾಸ್ಟರ್ ಕಲಸಿ, ಗುಲಾಬಿ ಒಸಡಿನ ಮೇಲೆ ಒಂದೊಂದೇ ಹಲ್ಲು ಕೂರಿಸಿ, ತಿಕ್ಕಿ ಹೊಳಪು ಕೊಟ್ಟು ವಾಪಸ್ಸು ಕಳಿಸುತ್ತಾನೆ. ಊರಿನ ಅರ್ಧಕ್ಕರ್ಧ ಅಜ್ಜಂದಿರು ನಗುವುದು, ಅಗಿಯುವುದು, ಸೊಸೆಯರ ಮೇಲೆ ರೇಗುವುದು ಎಲ್ಲ ಇವನು ಮಾಡಿಕೊಟ್ಟ ಬಾಯಲ್ಲೇ.

ಇಷ್ಟೇ ಆಗಿದ್ದರೆ ಅವನ ಕಥೆ ಹೇಳುವ ಅಗತ್ಯವಿರಲಿಲ್ಲ. ಹಲ್ಲಣ್ಣನಿಗೆ ಇನ್ನೊಂದು ಹುಚ್ಚಿದೆ. ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಎರಡು ಗಂಟೆ, ಭಾನುವಾರ ಹೆಂಡತಿ ಊಟಕ್ಕೆ ಮೂರನೆಯ ಸಲ ಕೂಗುವವರೆಗೆ, ಅವನು ಸೈನ್ಯದ ಗಾಡಿಗಳ ಮಾದರಿ ಮಾಡುತ್ತಾನೆ. ನಿಜವಾದ ಗಾಡಿಯ ಮೂವತ್ತೈದರಲ್ಲಿ ಒಂದು ಪಾಲು ಅಳತೆ. ಆ ಲೆಕ್ಕದಲ್ಲಿ ಆರಡಿ ಆಳು ಎರಡಂಗುಲಕ್ಕೆ ಇಳಿಯುತ್ತಾನೆ, ದೊಡ್ಡ ಲಾರಿಯೊಂದು ಗೇಣುದ್ದಕ್ಕೂ ಸ್ವಲ್ಪ ಕಮ್ಮಿ.

ಡಬ್ಬಿಯಲ್ಲಿ ಬಂದ ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಕೈ ತೊಳೆದುಕೊಳ್ಳುವ ಪೈಕಿ ಅಲ್ಲ ಅವನು. ಡಬ್ಬಿಯಲ್ಲಿ ಬಂದ ಗಾಡಿಯ ಬಾಗಿಲಿನ ಹಿಡಿ ಅವನ ಕಣ್ಣಿಗೆ ತೊಲೆಯಷ್ಟು ದಪ್ಪ. ಅದನ್ನು ಕೆತ್ತಿ ಬಿಸಾಕಿ, ಹಲ್ಲಿಗೆ ಹಾಕುವ ಸಣ್ಣ ತಂತಿ ಬಗ್ಗಿಸಿ ಹೊಸದು ಮಾಡುತ್ತಾನೆ. ಟಾರ್ಪಾಲಿಗೆ ಅಂಟು ನೀರಲ್ಲಿ ಅದ್ದಿದ ತೆಳು ಕಾಗದ. ಕೊಳವೆಗೆ ಇಂಜೆಕ್ಷನ್ ಸೂಜಿ. ರೇಡಿಯೇಟರಿನ ಮುಂದಿನ ಜಾಲರಿಗಾಗಿ ಮನೆಯ ಟೀ ಸೋಸುವ ಜಾಲರಿ ಎರಡು ಸಲ ಕಾಣೆಯಾಗಿದೆ. ಎರಡನೆಯ ಸಲ ಹೆಂಡತಿ, "ರೀ, ಮೂರನೇದಕ್ಕೂ ಕೈ ಹಾಕಿದ್ರೆ ನಿಮ್ಮ ಟೀನ ಆ ಟ್ಯಾಂಕಲ್ಲೇ ಸೋಸ್ಕೋಬೇಕಾಗುತ್ತೆ," ಎಂದಳು. ಅವಳು ಹೇಳಿದರೆ ಮಾಡುವವಳು. ಮೂರನೆಯದು ಇನ್ನೂ ಅಡುಗೆಮನೆಯಲ್ಲಿದೆ.

ಹೆಂಡತಿ ಬೈಯುತ್ತಾಳೆ, ಆದರೆ ಬೈಗುಳದ ಹಿಂದೆ ಹೆಮ್ಮೆಯಿದೆ, ಅದು ಅವನಿಗೂ ಗೊತ್ತು. ಅವನಿಗೆ ಮುಳ್ಳಾಗಿ ಕೂತಿದ್ದವರು ಅವಳ ಅಪ್ಪ.

ಮಾವ ಸೈನ್ಯದಲ್ಲಿ ಲಾರಿ ಡ್ರೈವರ್ ಆಗಿದ್ದವರು. ಈಗ ಎಂಬತ್ತು ದಾಟಿದೆ. ಎರಡು ಬೀದಿ ಆಚೆ ದೊಡ್ಡ ಮಗನ ಮನೆಯಲ್ಲಿ ಇದ್ದಾರೆ, ಪ್ರತಿ ಭಾನುವಾರ ಹತ್ತು ಗಂಟೆಗೆ ಸರಿಯಾಗಿ ಮಗಳ ಮನೆಗೆ ಬಂದು, ಉಂಡು, ಕುರ್ಚಿಯಲ್ಲೇ ಒಂದು ನಿದ್ದೆ ತೆಗೆದು ಹೋಗುತ್ತಾರೆ. ಮಾತಾಡಿದರೆ ಡೀಸೆಲ್ ಖರ್ಚಾಗುತ್ತದೇನೋ ಅನ್ನುವ ಹಾಗೆ ಇರುವ ಮನುಷ್ಯ. ಮದುವೆಯಾದ ಹೊಸತರಲ್ಲಿ ಅಳಿಯ ತನ್ನ ಮೊದಲ ಟ್ಯಾಂಕನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸಿದಾಗ, ಅವರು ಒಂದು ಸಲ ನೋಡಿ, "ಆಟದ ಸಾಮಾನು," ಎಂದು ಪೇಪರ್ ಬಿಡಿಸಿದರು. ಇಪ್ಪತ್ತನಾಲ್ಕು ವರ್ಷ ಅಷ್ಟೇ ಮಾತು. ಹಜಾರದ ಗಾಜಿನ ಬೀರುವಿನಲ್ಲಿ ಹದಿನೇಳು ಗಾಡಿ ಸೇರಿಕೊಂಡವು, ಮಾವನ ಕತ್ತು ಆ ಕಡೆ ತಿರುಗಲಿಲ್ಲ. ಬೇರೆಯವರು ಯಾರು ಹಾಗೆಂದರೂ ಹಲ್ಲಣ್ಣ ಕ್ಯಾರೇ ಅನ್ನುತ್ತಿರಲಿಲ್ಲ. ಆದರೆ ಆ ಮನೆತನದಲ್ಲಿ, ಆ ಬೀದಿಯಲ್ಲಿ, ನಿಜವಾದ ಸೈನ್ಯದ ಗಾಡಿಯ ಕೆಳಗೆ ಮಲಗಿ ನಟ್ಟು ತಿರುಗಿಸಿದ ಮನುಷ್ಯ ಅವರೊಬ್ಬರೇ. ಅವರ ಬಾಯಿಂದ ಒಂದು ಒಳ್ಳೆಯ ಮಾತು ಬಂದರೆ ಸಾಕು ಅಂತ ಅವನ ಜೀವ ಹಪಹಪಿಸುತ್ತಿತ್ತು.

ಹಿಂದಿನ ವರ್ಷ ಒಂದು ಭಾನುವಾರ ಪೇಪರ್ ಬಂದಿರಲಿಲ್ಲ. ಬೇರೆ ಗತಿಯಿಲ್ಲದೆ ಮಾವ ಬೀರುವಿನ ಕಡೆ ನೋಡಿದರು. ಎಡದಿಂದ ಬಲಕ್ಕೆ ಹದಿನೇಳನ್ನೂ ನೋಡಿದರು. ಆಮೇಲೆ, ಯಾರಿಗೂ ಅಲ್ಲದ ಹಾಗೆ, "ಎಲ್ಲಾ ಹೊಡೆಯೋ ಗಾಡಿಗಳೇ. ಕುಡಿಯೋಕೆ ನೀರು ಕೊಡೋದು ಒಂದೂ ಇಲ್ಲ," ಎಂದರು.

ಹಲ್ಲಣ್ಣ ಅಡುಗೆಮನೆಗೆ ಓಡಿದ. "ಏ, ನಿಮ್ಮಪ್ಪ ಸೈನ್ಯದಲ್ಲಿ ಓಡಿಸಿದ್ದು ಏನು?"

"ನೀರಿನ ಲಾರಿ. ಯಾಕೆ, ನಿಮಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ! ಲಾರಿ ಅಂದರೆ ಲಾರಿ ಅಂದುಕೊಂಡಿದ್ದ. ಆವತ್ತೇ ತೀರ್ಮಾನವಾಯಿತು, ಮಾವನ ಗಾಡಿಯನ್ನೇ ಮಾಡುವುದು ಅಂತ. ಅವರು ಅದನ್ನು ನೋಡಿ ತಮ್ಮ ಗಾಡಿ ಅಂತ ಒಪ್ಪಿದರೆ ಅವನು ಗೆದ್ದ. ಒಪ್ಪದಿದ್ದರೆ ಬೀರುವಿಗೆ ಪರದೆ ಹಾಕಿಬಿಡುತ್ತೇನೆ ಅಂತ ಹೆಂಡತಿಯ ಮುಂದೆ ಹೇಳಿಯೂ ಬಿಟ್ಟ.

ತೊಂದರೆ ಏನೆಂದರೆ, ಟ್ಯಾಂಕಿನ ಡಬ್ಬಿ ನೂರು ಕಂಪನಿ ಮಾರುತ್ತವೆ, ಆ ನೀರಿನ ಲಾರಿಯ ಡಬ್ಬಿ ಎಲ್ಲಿ ಹುಡುಕಿದರೂ ಇಲ್ಲ. ಬಾಯಾರಿಕೆ ತಣಿಸುವ ಗಾಡಿ ಯಾರಿಗೆ ಬೇಕು? ಚಕ್ರಗಳನ್ನು ಒಂದು ಹಳೆಯ ಡಬ್ಬಿಯಿಂದ ತೆಗೆದುಕೊಂಡ, ಮಿಕ್ಕದ್ದೆಲ್ಲ ಕೈಯಲ್ಲೇ ಆಗಬೇಕಾಯಿತು. ಅಳತೆಗೆ ಸಿಕ್ಕಿದ್ದು ಒಂದೇ ಫೋಟೋ. ಹೆಂಡತಿ ಅಣ್ಣನ ಮನೆಗೆ ಹೋದಾಗ ಅಪ್ಪನ ಟ್ರಂಕಿನಿಂದ ಸೆರಗಿನಲ್ಲಿ ಮುಚ್ಚಿಕೊಂಡು ತಂದದ್ದು. ಅಂಗೈಯ ಅರ್ಧದಷ್ಟಿರುವ ಕಪ್ಪುಬಿಳುಪು ಫೋಟೋ, ಅದರಲ್ಲಿ ಲಾರಿ, ಮುಂದಿನ ಮಡ್‌ಗಾರ್ಡಿನ ಮೇಲೆ ಮೊಣಕೈ ಊರಿ ನಿಂತ ಇಪ್ಪತ್ತಾರು ವರ್ಷದ ಮಾವ.

ಮೊಣಕೈ! ಹಲ್ಲಣ್ಣನ ತಲೆ ಅಲ್ಲೇ ಓಡಿದ್ದು. ಮಾವನ ಮೊಣಕೈ ನೆಲದಿಂದ ಎಷ್ಟು ಎತ್ತರವೋ ಮಡ್‌ಗಾರ್ಡ್ ಅಷ್ಟೇ ಎತ್ತರ. ಅದು ಸಿಕ್ಕರೆ ಉಳಿದ ಅಳತೆಯೆಲ್ಲ ಫೋಟೋದಿಂದ ಲೆಕ್ಕ ಹಾಕಬಹುದು. ಮುಂದಿನ ಭಾನುವಾರ ಮಾವ ಬಾಗಿಲ ಚೌಕಟ್ಟಿಗೆ ಒರಗಿ ಟೀ ಕುಡಿಯುತ್ತಿದ್ದಾಗ ಇವನು ಹಿಂದಿನಿಂದ ಬೆಕ್ಕಿನ ಹೆಜ್ಜೆ ಇಟ್ಟು ಬಂದು, ಅವರ ಮೊಣಕೈ ನೇರಕ್ಕೆ ಚೌಕಟ್ಟಿನ ಮೇಲೆ ಪೆನ್ಸಿಲ್ ಗೀಟು ಎಳೆದ. ಮಾವ ತಿರುಗಿ ನೋಡಿದರು.

"ಸೊಳ್ಳೆ, ಮಾವ," ಎಂದು ಇವನು ಮರದ ಮೇಲೆ ಪಟ್ಟನೆ ಹೊಡೆದ.

"ನಮ್ಮಪ್ಪಂಗೇನು ಅಂಗಿ ಹೊಲಿಸ್ತಿದೀರಾ?" ಎಂದು ಹೆಂಡತಿ ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ವಯಸ್ಸಾದವರು ಸ್ವಲ್ಪ ಕುಗ್ಗಿರುತ್ತಾರೆ ಅಂತ ಇವನು ಆ ಗೀಟಿನ ಮೇಲೆ ಇನ್ನೊಂದು ಅಂಗುಲ ಸೇರಿಸಿಕೊಂಡ.

ಏಳು ತಿಂಗಳು ಹಿಡಿಯಿತು. ಮೊಟ್ಟೆಯಾಕಾರದ ನೀರಿನ ತೊಟ್ಟಿಯನ್ನು ಹಲ್ಲಿನ ಪ್ಲಾಸ್ಟರಿನಲ್ಲಿ ಎರಕ ಹೊಯ್ದ. ಅದರ ಮೈಗೆ ಟೂತ್‌ಪೇಸ್ಟಿನ ತಗಡಿನ ಟ್ಯೂಬು ಬಿಚ್ಚಿ, ತೊಳೆದು, ಹಿಂದಿನಿಂದ ಸೂಜಿಮೊನೆಯಲ್ಲಿ ಒಂದೊಂದೇ ಚುಕ್ಕಿ ಒತ್ತಿ ರಿವೆಟ್ ಮೊಳೆಯ ತಲೆಗಳನ್ನು ಎಬ್ಬಿಸಿ ಸುತ್ತಿದ. ನಾನೂರ ಹನ್ನೆರಡು ರಿವೆಟ್. "ಮದುವೆ ಆದ ತಾರೀಕು ನೆನಪಿರಲ್ಲ, ಇದರ ಲೆಕ್ಕ ಮಾತ್ರ ಬಾಯಿಪಾಠ," ಎಂದಳು ಹೆಂಡತಿ. ನಲ್ಲಿಗಳನ್ನು ಒಸಡು ಮಾಡುವ ಅಕ್ರಿಲಿಕ್ಕಿನಲ್ಲಿ ಕೊರೆದ. ಒಂದೊಂದು ನಲ್ಲಿ ರಾಗಿಕಾಳಿಗಿಂತ ಚೂರು ದೊಡ್ಡದು. ಮೂರು ನಲ್ಲಿ ಕೈಜಾರಿ ನೆಲಕ್ಕೆ ಬಿದ್ದು ಮಾಯವಾದವು. ಗಂಡ ಹೆಂಡತಿ ಇಬ್ಬರೂ ಮೊಣಕಾಲೂರಿ ಟಾರ್ಚ್ ಹಿಡಿದು ಹುಡುಕಿದರು. ಸಿಕ್ಕಿದ್ದು ಒಂದು, ಮತ್ತು ಅವಳ ಕಳೆದುಹೋಗಿದ್ದ ಓಲೆಯ ತಿರುಪು. ಆ ಬೆಳಗಿನಲ್ಲಿ ಯಾರು ಹೆಚ್ಚು ಖುಷಿಪಟ್ಟರು ಹೇಳುವುದು ಕಷ್ಟ.

ಇನ್ನು ಉಳಿದದ್ದು ಗಲೀಜು ಮಾಡುವ ಕೆಲಸ. ನಗಬೇಡಿ, ಈ ಹುಚ್ಚಿನವರೆಲ್ಲರ ನಂಬಿಕೆಯೇ ಅದು, ಗಾಡಿ ಗಲೀಜಾದಷ್ಟೂ ನಿಜ ಅಂತ. ಕಟ್ಟುವುದಕ್ಕೆ ಎಷ್ಟು ಶ್ರಮವೋ ಕೊಳೆ ಮಾಡುವುದಕ್ಕೂ ಅಷ್ಟೇ ಶ್ರಮ. ಹಲ್ಲಣ್ಣ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ ಫೋಟೋ ನೋಡಿದ. ಬಾನೆಟ್ ಮೇಲೆ, ಮಡ್‌ಗಾರ್ಡ್ ಮೇಲೆ, ತೊಟ್ಟಿಯ ಹೊಟ್ಟೆಯ ಮೇಲೆ ಬೆಳ್ಳಗೆ ಪಟ್ಟೆ ಪಟ್ಟೆ. ಧೂಳು! ಕಾಡುಮೇಡು ಅಲೆದ ಗಾಡಿ, ಇರದೆ ಇನ್ನೇನು? ಹಲ್ಲು ತಿಕ್ಕುವ ಬಿಳಿ ಪುಡಿಗೆ ಕಂದು ಬಣ್ಣ ಬೆರೆಸಿ, ಮೃದು ಕುಂಚದಲ್ಲಿ ಫೋಟೋ ನೋಡಿ ನೋಡಿ ಆ ಪಟ್ಟೆಗಳ ಮೇಲೆಲ್ಲ ಕೂರಿಸಿದ. ಚಕ್ರದ ಸಂದಿಗೆ ಕೆಸರು ಮೆತ್ತಿದ. ಮೂಲೆಗಳಿಗೆ ತುಕ್ಕು ಕೊಟ್ಟ.

"ಮನೆ ಧೂಳು ಹೊಡೀರಿ ಅಂದ್ರೆ ಸೊಂಟ ನೋವು, ಲಾರಿಗೆ ಧೂಳು ಹಾಕೋಕೆ ಮೂರು ವಾರ!" ಎಂದಳು ಹೆಂಡತಿ. ಆದರೂ ಮುಗಿದ ದಿನ ಅವಳು ಬಹಳ ಹೊತ್ತು ಅದನ್ನೇ ನೋಡುತ್ತ ನಿಂತಳು. "ಚೆನ್ನಾಗಿದೆ ರೀ," ಎಂದಳು ಮೆಲ್ಲಗೆ.

ಭಾನುವಾರ ಬಂತು. ಮಾವ ಕೂತ ಮೇಲೆ ಹಲ್ಲಣ್ಣ ಮೇಜಿನ ಮೇಲೆ ಲಾರಿ ಇಟ್ಟು, ಮುಚ್ಚಿದ್ದ ಕರವಸ್ತ್ರ ತೆಗೆದ.

ಮಾವ ಕನ್ನಡಕ ಹಾಕಿಕೊಂಡರು. ಕುರ್ಚಿ ಮುಂದಕ್ಕೆ ಎಳೆದರು. ಬಹಳ ಹೊತ್ತು ನೋಡಿದರು. ಆಮೇಲೆ ಬಗ್ಗಿ, ಗಲ್ಲ ಮೇಜಿಗೆ ತಾಗುವಷ್ಟು ಬಗ್ಗಿ, ಹಿಂದಿನ ಚಕ್ರಗಳ ಸಂದಿಯಲ್ಲಿ ಇಣುಕಿದರು.

"ತುಂಬಿದ ಗಾಡಿ," ಎಂದರು.

ಫೋಟೋದಲ್ಲಿ ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಬಾಗು ಕಳೆದುಕೊಂಡು ಚಪ್ಪಟೆಯಾಗಿದ್ದವು. ತೊಟ್ಟಿ ಭರ್ತಿ ಇದ್ದರೆ ಮಾತ್ರ ಹಾಗಾಗುವುದು ಅಂತ ಊಹಿಸಿ, ಹಲ್ಲಣ್ಣನೂ ಒಂದೊಂದು ಪಟ್ಟಿಯನ್ನು ಹಾಗೇ ಚಪ್ಪಟೆ ಮಾಡಿದ್ದ. ಮಾವನ ಬೆರಳು ಪಕ್ಕಕ್ಕೆ ಹೋಗಿ ನಲ್ಲಿ ಎಣಿಸಿತು. ಆರು. ಸರಿಯಿತ್ತು. ಬೆರಳು ಮುಂದಕ್ಕೆ ಬಂದು ಮಡ್‌ಗಾರ್ಡಿನ ಮೇಲೆ ಹರಿದು ನಿಂತಿತು. ಮಾವ ಬೆರಳ ತುದಿಯನ್ನು ಕಣ್ಣ ಹತ್ತಿರ ಹಿಡಿದು ನೋಡಿಕೊಂಡರು. ಮುಖ ಕೆಂಪಾಯಿತು.

"ಇದೇನಿದು?"

"ಧೂಳು, ಮಾವ."

"ಕಾಣ್ತಿದೆ. ಯಾಕಿದೆ ಅಂತ ಕೇಳ್ದೆ."

"ಫೋಟೋದಲ್ಲಿ ಇತ್ತಲ್ಲ, ಅದಕ್ಕೇ..."

"ಯಾವ ಫೋಟೋ?"

ಬಾಗಿಲಲ್ಲಿ ನಿಂತಿದ್ದ ಹೆಂಡತಿ ನಾಲಿಗೆ ಕಚ್ಚಿಕೊಂಡಳು. ಇನ್ನು ಮುಚ್ಚಿಟ್ಟು ಏನು ಪ್ರಯೋಜನ, ಹಲ್ಲಣ್ಣ ಜೇಬಿನಿಂದ ಫೋಟೋ ತೆಗೆದು ಮುಂದಿಟ್ಟ. ಮಾವ ಅದನ್ನು ನೋಡಿದರು, ಲಾರಿಯನ್ನು ನೋಡಿದರು, ಅಳಿಯನನ್ನು ನೋಡಿದರು. ಇಪ್ಪತ್ತನಾಲ್ಕು ವರ್ಷದಲ್ಲಿ ಆ ಮನೆಯಲ್ಲಿ ಅವರ ದನಿ ಏರಿದ್ದು ಅದೇ ಮೊದಲು.

"ಇದು ಧೂಳಾ? ಅಯ್ಯೋ ನಿಮ್ಮ! ಇದು ಬಿಸಿಲು ರೀ, ಬಿಸಿಲು! ಹೊಳಪಿನ ಮೇಲೆ ಬಿಸಿಲು ಹೊಡೆದು ಬೆಳ್ಳಗೆ ಕಾಣ್ತಿರೋದು! ಸೂರ್ಯ ಹುಟ್ಟೋಕೆ ಮುಂಚೆ ಎದ್ದು ಎಣ್ಣೆ ಬಟ್ಟೇಲಿ ಉಜ್ಜಿದೀನಿ ಅವತ್ತು. ಅವತ್ತೊಂದೇ ಅಲ್ಲ, ದಿನಾ! ಹನ್ನೊಂದು ವರ್ಷ ಓಡಿಸಿದೀನಿ. ಒಂದು ದಿನ, ಒಂದೇ ಒಂದು ದಿನ, ಕೆಸರು ಮೆತ್ಕೊಂಡು ಸಿಪಾಯಿ ಹುಡುಗರ ಮುಂದೆ ನಿಲ್ಸಿದ್ರೆ ಕೇಳಿ! ಕುಡಿಯೋ ನೀರು ಅದು. ಗಾಡಿ ಹೀಗಿದ್ರೆ ಆ ನೀರು ಯಾವನು ಬಾಯಿಗೆ ಹಾಕ್ತಾನೆ?"

ಹಲ್ಲಣ್ಣನಿಗೆ ನೆಲ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡೋಣ ಅನ್ನಿಸಿತು. ಏಳು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು, ಕೊನೆಗೆ ಆ ಮನುಷ್ಯನ ಹನ್ನೊಂದು ವರ್ಷದ ಶ್ರದ್ಧೆಯ ಮೇಲೆ ಮಣ್ಣೆರಚಿದ ಹಾಗಾಯಿತಲ್ಲ! ದಿನಾ ಹಲ್ಲಿಗೆ ಹೊಳಪು ಕೊಡುವವನು ತಾನು, ಹೊಳಪು ಕಂಡರೆ ಗುರುತು ಹಿಡಿಯಲಾರದೆ ಹೋದೆನಲ್ಲ!

"ತಪ್ಪಾಯ್ತು ಮಾವ," ಎಂದು ಲಾರಿಗೆ ಕೈ ಚಾಚಿದ. "ಕೊಡಿ. ಎಲ್ಲಾ ತೆಗೆದು ಸರಿ ಮಾಡಿ ಮುಂದಿನ ವಾರ..."

"ಮುಟ್ಟಬೇಡಿ!" ಮಾವ ಲಾರಿಯನ್ನು ಎರಡೂ ಕೈಯಿಂದ ತಮ್ಮ ಕಡೆ ಎಳೆದುಕೊಂಡರು. "ನನ್ನ ಗಾಡಿ ನಾನು ತೊಳೀತೀನಿ. ಮಗಳೇ, ಒಂದು ತಟ್ಟೇಲಿ ನೀರು ತಾ. ಹಳೇ ಬಟ್ಟೆ, ಮೆತ್ತಗಿರೋದು. ಹೊಲಿಗೆ ಮೆಷಿನ್ನಿನ ಎಣ್ಣೆ ಇದ್ಯಾ? ಅದನ್ನೂ ತಾ."

ನೀರು ಬಂತು, ಬಟ್ಟೆ ಬಂತು. ಮಾವ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡರು. ಬಾನೆಟ್ಟಿನಿಂದ ಶುರುಮಾಡಿದರು. ಮೂರು ವಾರದ ಧೂಳು ಕಂದು ನೀರಾಗಿ ತಟ್ಟೆಗೆ ಇಳಿಯಿತು, ಕೆಳಗಿನ ಹಸಿರು ಬಣ್ಣ ಮೆಲ್ಲಗೆ ಬೆಳಕಿಗೆ ಬಂತು. ಹಲ್ಲಣ್ಣನ ಮುಖ ಅರಳಿತು.

ಹೆಂಡತಿ ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. "ಏನ್ರೀ, ಅವರು ಎಲ್ಲಾ ತೊಳೆದು ಹಾಕ್ತಿದಾರೆ, ನೀವು ಹಲ್ಲು ಕಿರೀತಿದೀರಾ?"

"ನಿಮ್ಮಪ್ಪ ಏನಂದ್ರು, ಕೇಳಿಸ್ತಾ?"

"ಕೇಳಿಸ್ದೆ ಏನು, ಬೀದಿಗೆಲ್ಲಾ ಕೇಳಿಸೋ ಹಾಗೆ ಬೈದ್ರಲ್ಲ."

"ಅದಲ್ಲ ಕಣೇ. ಯಾರ ಗಾಡಿ ಅಂದ್ರು?"

ಅವಳು ತಿರುಗಿ ಅಪ್ಪನ ಕಡೆ ನೋಡಿದಳು. ಆಮೇಲೆ ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತು, ಅವನ ಕಣ್ಣಲ್ಲೂ. ಇಬ್ಬರೂ ಒರೆಸಿಕೊಳ್ಳಲು ಹೋಗಲಿಲ್ಲ.

ಮಾವ ತಲೆ ಎತ್ತಲಿಲ್ಲ. ಮೊದಲನೇ ಮಡ್‌ಗಾರ್ಡ್ ಮುಗಿಸಿ, ಒಂದು ತೊಟ್ಟು ಎಣ್ಣೆ ಬಟ್ಟೆಗೆ ಮುಟ್ಟಿಸಿ ಉಜ್ಜಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಪರೀಕ್ಷಿಸಿದರು. ಬಟ್ಟೆಯ ಇನ್ನೊಂದು ಅರ್ಧ ಪರ್ರನೆ ಹರಿದು ಮೇಜಿನ ಆಚೆಗೆ ನೂಕಿದರು.

"ಸುಮ್ನೆ ನಿಂತ್ಕೊಂಡು ಏನ್ ನೋಡ್ತಿದೀರಿ, ಅಳಿಯಂದ್ರೇ? ಕೂತ್ಕೊಳಿ. ಆ ಕಡೆ ಚಕ್ರ ನೀವು ತೊಗೊಳಿ."