ನೀರು ಹೊರುವ ಮದುಮಗಳ ಬೆನ್ನು

ನನಗೆ ಒಂದು ಕಡೆ ಸುಮ್ಮನೆ ಕೂರಲು ಬರುವುದಿಲ್ಲ. ಅಂಥವಳು ಬಂದವರನ್ನೆಲ್ಲ ಕಣ್ಣು ಮುಚ್ಚಿಸಿ ಕೂರಿಸುವ ಕೆಲಸ ಹಿಡಿದಿದ್ದೇನೆ ಎಂದು ಮನೆಯವರು ಆಡಿಕೊಳ್ಳುತ್ತಾರೆ. ಗೋಣಿಕೊಪ್ಪಲಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಪ್ರಾಣಿಕ್ ಹೀಲಿಂಗ್ ಮಾಡುತ್ತೇನೆ. ಮೈ ಮುಟ್ಟದೆ ಕೈಯನ್ನು ತುಸು ದೂರದಲ್ಲೇ ಆಡಿಸುವ ಕೆಲಸ. ಅದಕ್ಕೆ ಮೊದಲು ಮೈ ಸಡಿಲಾಗಲೆಂದು ಲಘು ವ್ಯಾಯಾಮ ಮಾಡಿಸುತ್ತೇನೆ. ನನ್ನ ಕೈಯಿಂದ ಬೆನ್ನುಮೂಳೆಯ ಡಿಸ್ಕ್ ಸರಿಹೋಗುತ್ತದೆ ಎಂದು ಯಾರಿಗೂ ಹೇಳಿದವಳಲ್ಲ. ಡಾಕ್ಟರನ್ನು ನೋಡದೆ ಬಂದವರನ್ನು ಮೊದಲು ಅಲ್ಲಿಗೇ ಅಟ್ಟುತ್ತೇನೆ.

ಆ ಹುಡುಗಿ ಡಾಕ್ಟರನ್ನು ನೋಡಿಕೊಂಡೇ ಬಂದಿದ್ದಳು. ಕೊಡವರ ಹುಡುಗಿ, ಕಾಲೇಜಿನಲ್ಲಿ ಪಾಠ ಮಾಡುವವಳು. ಮದುವೆಗೆ ಎರಡು ತಿಂಗಳಿತ್ತು, ಡಿಸ್ಕ್ ಜಾರಿತ್ತು. ಮುಂದಕ್ಕೆ ಬಗ್ಗಬೇಡ, ನಿಂತಲ್ಲೇ ಬಹಳ ಹೊತ್ತು ನಿಲ್ಲಬೇಡ ಎಂದು ಮೈಸೂರಿನ ಡಾಕ್ಟರು ಹೇಳಿ ಕಳಿಸಿದ್ದರು. ಸಣ್ಣ ಬಿಂದಿಗೆಯಲ್ಲಿ ಅರ್ಧ ನೀರು ಹೊತ್ತರೆ ಅಡ್ಡಿಯಿಲ್ಲ ಎಂದು ಅವರನ್ನು ಕಾಡಿ ಬೇಡಿ ಒಪ್ಪಿಸಿಕೊಂಡೂ ಬಂದಿದ್ದಳು.

ಬಿಂದಿಗೆಯ ಮಾತು ಬಂದದ್ದು ಗಂಗಾಪೂಜೆಯಿಂದ. ಕೊಡವರ ಮದುವೆಯಲ್ಲಿ ಮದುಮಗಳು ಬಾವಿಯ ನೀರನ್ನು ತಲೆಯ ಮೇಲೆ ಹೊತ್ತು ಗಂಡನ ಮನೆಯ ಅಡುಗೆಮನೆಗೆ ತರಬೇಕು. ಗಂಡಿನ ಕಡೆಯವರು ವಾಲಗಕ್ಕೆ ಕುಣಿಯುತ್ತ ದಾರಿಗೆ ಅಡ್ಡ ನಿಲ್ಲುತ್ತಾರೆ. ಅವರು ಸರಿದಷ್ಟೇ ಅವಳು ಮುಂದಕ್ಕೆ ಹೋಗಬೇಕು. ಕುಣಿಯುವವರಿಗೆ ಹುರುಪು ಬಂದರೆ ಗಂಟೆಗಟ್ಟಲೆ ಹಿಡಿಯುವುದೂ ಉಂಟು.

“ಆ ಮನೆಯವರಿಗೆ ಒಂದು ಮಾತು ಹೇಳ್ಬಿಡು, ಬೇಗ ಮುಗಿಸ್ತಾರೆ” ಎಂದೆ.

“ಆಗೋದಿಲ್ಲ ಆಂಟಿ. ಮೊದಲು ಬಂದ ಸಂಬಂಧ ಈ ಬೆನ್ನಿಂದಲೇ ತಪ್ಪಿದ್ದು. ಹುಡುಗನಿಗೆ ಗೊತ್ತುಂಟು. ಅವನ ಅಮ್ಮನಿಗೆ ಗೊತ್ತಾದ್ರೆ ಮುಗೀತು. ನೀವೂ ಬಾಯಿ ಬಿಡ್ಬೇಡಿ.”

ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟೆ. ಕೊಟ್ಟ ದಿನದಿಂದ ನನಗೆ ನೆಮ್ಮದಿಯಿಲ್ಲ.

ಎಲ್ಲರಿಗೂ ಮಾಡಿಸುವ ವ್ಯಾಯಾಮದಲ್ಲಿ ಬಗ್ಗುವುದು, ಸೊಂಟ ತಿರುಗಿಸುವುದು ಎರಡನ್ನೂ ಅವಳ ಮಟ್ಟಿಗೆ ತೆಗೆದುಹಾಕಿದೆ. ಮಂಡಿ ಮಡಚಿ ಅಂಗಾತ ಮಲಗಿ ಉಸಿರಾಡುವುದು, ಗೋಡೆಗೆ ಬೆನ್ನು ಕೊಟ್ಟು ಚೂರೇ ಚೂರು ಕೆಳಗೆ ಜಾರಿ ಏಳುವುದು, ಕುರ್ಚಿಯಲ್ಲಿ ಕೂತು ಭುಜ ತಿರುಗಿಸುವುದು, ಇಷ್ಟನ್ನು ಉಳಿಸಿಕೊಂಡೆ. ಇದನ್ನೂ ಡಾಕ್ಟರಿಗೆ ಫೋನಿನಲ್ಲಿ ಹೇಳಿ, ಅವರು ಒಪ್ಪಿದ ಮೇಲೆಯೇ ಶುರು ಮಾಡಿದ್ದು. ಆದರೆ ನಿಂತು ಕಾಯುವುದಕ್ಕೆ ಏನು ಮಾಡುವುದು? ಒಂದು ದಿನ ಒಲೆಯ ಮುಂದೆ ಹಾಲು ಕಾಯುವವರೆಗೂ ನಾನು ಸುಮ್ಮನೆ ನಿಲ್ಲಲಾಗದೆ ಈ ಕಾಲಿಂದ ಆ ಕಾಲಿಗೆ ಭಾರ ಹಾಕುತ್ತಿರುವಾಗ ಉಪಾಯ ಹೊಳೆಯಿತು. ಮಂಡಿ ಬಿಗಿಯಬೇಡ, ಭಾರವನ್ನು ಮೆಲ್ಲಗೆ ಬಲಕ್ಕೆ, ಮೆಲ್ಲಗೆ ಎಡಕ್ಕೆ ಬಿಡು ಎಂದು ಕಲಿಸಿದೆ. ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಖಾಲಿ ಬಿಂದಿಗೆ ಇಟ್ಟುಕೊಂಡು ನಮ್ಮ ಕೋಣೆಯಲ್ಲೇ ಅಭ್ಯಾಸ ಮಾಡಿದಳು. ನಿಂತರೆ ಬೆನ್ನಿಂದ ಕಾಲಿಗೆ ಇಳಿಯುವ ನೋವು ಆಗ ಇಳಿಯಲಿಲ್ಲ. ಎಷ್ಟು ಬುದ್ಧಿವಂತೆ ನಾನು ಎಂದು ಒಳಗೊಳಗೇ ಬೀಗಿದೆ.

ಗಂಡಿನ ಮನೆ ಕಕ್ಕಬೆಯಲ್ಲಿ. ಮದುವೆಯ ದಿನ ಹೆಣ್ಣಿನ ಕಡೆಯವರ ಜೊತೆ ನಾನೂ ಹೋಗಿದ್ದೆ. ಗಂಗಾಪೂಜೆ ಶುರುವಾದಾಗ ಇನ್ನೂ ಬೆಳಕಿತ್ತು. ಕುಪ್ಯ ಎಂಬ ಕಪ್ಪು ನಿಲುವಂಗಿ ತೊಟ್ಟ ಗಂಡಸರು, ರೇಷ್ಮೆ ಸೀರೆಯ ಹೆಂಗಸರು ಅಂಗಳದ ತುಂಬ ಕುಣಿಯುತ್ತಿದ್ದರು. ಬಿಂದಿಗೆ ಹೊತ್ತ ಹುಡುಗಿ ಕಲಿಸಿದ್ದನ್ನು ತಪ್ಪದೆ ಮಾಡಿದಳು. ಮೆಲ್ಲಗೆ ಬಲಕ್ಕೆ, ಮೆಲ್ಲಗೆ ಎಡಕ್ಕೆ. ಗಂಡಿನ ಸೋದರಮಾವ ಅದನ್ನು ನೋಡಿಬಿಟ್ಟರು.

“ನೋಡಿ, ಮದುಮಗಳೂ ಕುಣೀತಾ ಇದ್ದಾಳೆ” ಎಂದರು. “ಅವಳಿಗೇ ಸಾಕಾಗ್ಲಿಲ್ಲ, ನಮಗೆ ಸಾಕಾಗ್ತದಾ?”

ವಾಲಗ ಜೋರಾಯಿತು. ಕೂತಿದ್ದವರೂ ಎದ್ದು ಬಂದರು. ಅವಳು ಅಲುಗಿದಷ್ಟೂ ಅವರ ಹುರುಪು ಏರಿತು. ಬಾಗಿಲು ಎದುರಿಗೇ ಇತ್ತು, ಯಾರೂ ಸರಿಯಲೊಲ್ಲರು. ಮದುಮಗನನ್ನು ಕರೆಯೋಣವೆಂದರೆ ಅವನು ಒಳಗೆಲ್ಲೋ ನೆಂಟರ ನಡುವೆ ಸಿಕ್ಕಿಬಿದ್ದಿದ್ದ. ಕೊನೆಗೆ ನಾನೇ ಕೈಕಾಲು ಆಡಿಸುತ್ತ ಗುಂಪಿನೊಳಗೆ ನುಗ್ಗಿದೆ. ನನ್ನ ಕುಣಿತ ನೋಡಿ ನಕ್ಕವರು ನಕ್ಕರು.

“ಅಲ್ಲಾಡೋದು ನಿಲ್ಸು, ದಾರಿ ಬಿಡ್ತಾರೆ” ಎಂದು ಅವಳ ಹತ್ತಿರ ಹೋಗಿ ಹೇಳಿದೆ.

“ನಿಲ್ಸಿದ್ರೆ ಕಾಲಿಗೆ ಇಳೀತದೆ ಆಂಟಿ.” ಮುಖ ಬಿಳುಚಿತ್ತು, ತುಟಿಯ ಮೇಲೆ ಬೆವರು. “ಈಗಾಗ್ಲೇ ಇಳೀತಾ ಉಂಟು.”

ನಾನು ತಿರುಗಿ ಸೋದರಮಾವನ ಕಡೆ ಬಾಯಿ ತೆರೆದೆ. ಮಾತು ಕೊಟ್ಟದ್ದು ನೆನಪಿರಲಿಲ್ಲ ಎಂದಲ್ಲ, ಆಗ ಅದು ಬೇಡವಾಗಿತ್ತು. ಆದರೆ ನನಗಿಂತ ಮೊದಲು ಅವಳೇ ಮಾತಾಡಿದಳು. ಆಮೇಲಿನದೆಲ್ಲ ನಡೆದದ್ದು ಕೊಡವರ ಭಾಷೆಯಾದ ಕೊಡವ ತಕ್ಕಿನಲ್ಲಿ, ನನಗೆ ತಿಳಿದ ಹಾಗೆ ಬರೆಯುತ್ತೇನೆ.

“ಮಾವ, ನಾನು ಕುಣೀತಾ ಇಲ್ಲ. ನನ್ನ ಬೆನ್ನಿನ ಡಿಸ್ಕ್ ಜಾರಿದೆ. ನೋವು ತಡೆಯೋದಕ್ಕೆ ಹೀಗೆ ಮಾಡ್ತಿದ್ದೇನೆ. ದಾರಿ ಬಿಡಿ.”

ಮುಂದಿದ್ದವರ ಕೈಕಾಲು ನಿಂತವು. ಹಿಂದಿದ್ದವರಿಗೆ ಕೇಳಿಸದೆ ಇನ್ನೂ ಒಂದಿಷ್ಟು ಕುಣಿದು ಅವರೂ ನಿಂತರು. ಬಾಗಿಲಲ್ಲಿದ್ದ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಯಾರೋ ಬಿಂದಿಗೆ ಇಳಿಸಲು ಬಂದರೆ ಹುಡುಗಿ ಕೊಡಲಿಲ್ಲ. ಒಂದೊಂದೇ ಹೆಜ್ಜೆಯಿಟ್ಟು ತಾನೇ ಅಡುಗೆಮನೆಗೆ ಹೊತ್ತೊಯ್ದಳು. ನಾನು ಹಿಂದೆಯೇ ಹೋದೆ. ಬಿಂದಿಗೆ ಕಟ್ಟೆಯ ಮೇಲೆ ಕೂತ ಮೇಲೆ ಗೋಡೆ ಹಿಡಿದುಕೊಂಡಳು.

“ಮೊದಲೇ ಹೇಳಬಹುದಿತ್ತು” ಎಂದರು ಅತ್ತೆ. ಮುಖದಲ್ಲಿ ನಗೆಯಿರಲಿಲ್ಲ.

“ಹೇಳಿದ್ರೆ ಈ ಮದುವೆಗೆ ಒಪ್ಪುತ್ತಿದ್ರಾ?”

ಅತ್ತೆ ಸೊಸೆಯನ್ನು ನೋಡಿದರು, ನೀರನ್ನು ನೋಡಿದರು.

“ಇಲ್ಲ” ಎಂದರು. “ಒಪ್ಪುತ್ತಿರಲಿಲ್ಲ.”

ಹುಡುಗಿ ತಲೆಯಾಡಿಸಿದಳು. ಅತ್ತೆ ಅವಳ ಹಿಂದೆ ಬಂದು, ಕೊಡವರ ರೀತಿಯಲ್ಲಿ ಬೆನ್ನ ಹಿಂದೆ ಸಿಕ್ಕಿಸಿದ ಸೀರೆಯ ನೆರಿಗೆಯ ಮೇಲೆ ಸೊಂಟಕ್ಕೆ ಅಂಗೈ ಇಟ್ಟರು.

“ಎಲ್ಲಿ? ಇಲ್ಲಿಯಾ?”

“ಸ್ವಲ್ಪ ಕೆಳಗೆ” ಎಂದಳು.